ಅಲ್ಯೂಮಿನಿಯಂ ಅಡುಗೆಮನೆಯನ್ನು ಹೊಕ್ಕ ಬಗೆ

ನಮ್ಮ ಅಜ್ಜಿಯಂದಿರ ಕಾಲದ ಅಡುಗೆಮನೆಗಳಲ್ಲಿ ಮಣ್ಣಿನ ಗಡಿಗೆ, ತಾಮ್ರದ ಹಂಡೆ, ಹಿತ್ತಾಳೆಯ ತಪ್ಪಲೆ, ಕಂಚಿನ ಬಟ್ಟಲು, ಹುಳಿ ಪದಾರ್ಥಗಳಿಗೆಂದು ಕಲ್ಲಿನ ಮರಿಗೆ, ಇವೇ ಮೊದಲಾದ ಪಾತ್ರೆಗಳಿದ್ದವು. ಕಲಾಯಿ ಹಾಕುವವನು ಊರಿಗೆ ಬಂದನೆಂದರೆ ಮನೆಮನೆಯ ಪಾತ್ರೆಗಳೂ ಅಂಗಳಕ್ಕೆ ಬರುತ್ತಿದ್ದವು. ಆ ಸಾಲಿನೊಳಗೆ ಹಗುರವಾದ, ಬೆಳ್ಳಗಿನ, ಕಲಾಯಿಯ ಹಂಗಿಲ್ಲದ ಹೊಸದೊಂದು ಲೋಹವು ಬಂದು ಸೇರಿತು. ಅದೇ ಅಲ್ಯೂಮಿನಿಯಂ. ಇಂದು ಅದು ಎಷ್ಟು ಸಾಮಾನ್ಯವಾಗಿದೆಯೆಂದರೆ ಅದರ ಕಡೆಗೆ ನಾವು ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ಒಂದು ಕಾಲದಲ್ಲಿ ಈ ಲೋಹವು ಬೆಳ್ಳಿಯ ಬೆಲೆಗೆ ಮಾರುತ್ತಿತ್ತು. ಅನಂತರ ಅದು ಅಗ್ಗವಾಯಿತು. ಅಗ್ಗವಾದ ಮೇಲೆಯೂ ಅದನ್ನು ಕೊಳ್ಳುವವರು ದೊರೆಯಲಿಲ್ಲ!

ಈ ವಿಚಿತ್ರ ಸಂಗತಿಯನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿಯುವುದು ಉಚಿತ. ಆದುದರಿಂದ ಅಮೆರಿಕದ ಒಂದು ಲೋಹದ ಕಂಪನಿಯು ಮನೆಬಳಕೆಯ ವಸ್ತುಗಳನ್ನು ತಯಾರಿಸುವ ಕಡೆಗೆ ಹೇಗೆ ತಿರುಗಿತು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸುವೆವು.

ಮಣ್ಣಿನಲ್ಲಿ ಅಡಗಿದ ಲೋಹ

ಭೂಮಿಯ ಮೇಲ್ಪದರದಲ್ಲಿ ದೊರೆಯುವ ಲೋಹಗಳಲ್ಲೆಲ್ಲ ಅಲ್ಯೂಮಿನಿಯಮೇ ಅತ್ಯಧಿಕ. ಆ ಪದರದ ತೂಕದಲ್ಲಿ ನೂರಕ್ಕೆ ಸುಮಾರು ೮ ಪಾಲು ಅದೇ ಇದೆ. ಆದರೆ ಅದು ಎಲ್ಲಿಯೂ ಬಿಡಿಯಾಗಿ ಇರುವುದಿಲ್ಲ. ಆಮ್ಲಜನಕದೊಡನೆ ಅತಿ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ. ಕಬ್ಬಿಣದ ಅದಿರನ್ನು ಇದ್ದಿಲಿನೊಡನೆ ಕಾಯಿಸಿ ಕಬ್ಬಿಣವನ್ನು ಬಿಡಿಸುವಂತೆ ಇದನ್ನು ಬಿಡಿಸಲು ಬರುವುದಿಲ್ಲ. ಇದರ ಮುಖ್ಯ ಅದಿರಿಗೆ ಬಾಕ್ಸೈಟ್ ಎಂದು ಹೆಸರು. ನಮ್ಮ ಕಾಸರಗೋಡು ಸೀಮೆಯ ಮುರಕಲ್ಲಿನ ಗುಡ್ಡಗಳ ನಡುವೆಯೂ ಬಾಕ್ಸೈಟ್ ನಿಕ್ಷೇಪಗಳಿರುವುದನ್ನು ಭೂಗರ್ಭಶಾಸ್ತ್ರಜ್ಞರು ಗುರುತಿಸಿದ್ದಾರೆ. ಮನೆಯ ಗೋಡೆಗೆ ಕಡಿಯುವ ಕೆಂಪು ಕಲ್ಲಿಗೂ ಒಲೆಯ ಮೇಲಿನ ಬಿಳಿಯ ಪಾತ್ರೆಗೂ ಇಂತಹ ದೂರದ ನಂಟೊಂದಿದೆ.

ಈ ಲೋಹವನ್ನು ಮೊದಲು ಬಿಡಿಸಿದವನು ಡೆನ್ಮಾರ್ಕಿನ ಅರ್‌ಸ್ಟೆಡ್, ೧೮೨೫ರಲ್ಲಿ. ೧೮೨೭ರಲ್ಲಿ ಜರ್ಮನಿಯ ವೋಲರನು ಆ ಕೆಲಸವನ್ನು ಮುಂದುವರಿಸಿದನು. ೧೮೫೪ರಲ್ಲಿ ಫ್ರಾನ್ಸಿನ ಡೆವಿಲ್ ಎಂಬ ವಿಜ್ಞಾನಿಯು ಇನ್ನೂ ಉತ್ತಮವಾದ ವಿಧಾನವನ್ನು ಕಂಡುಹಿಡಿದನಾದರೂ ಖರ್ಚು ವಿಪರೀತವಾಗಿತ್ತು. ೧೮೮೪ರಲ್ಲಿ ಅಮೆರಿಕದ ರಾಜಧಾನಿಯಲ್ಲಿ ವಾಷಿಂಗ್ಟನ್ ಸ್ಮಾರಕವು ಪೂರ್ತಿಯಾದಾಗ ಅದರ ಶಿಖರಕ್ಕೆ ಸುಮಾರು ೧೦೦ ಔನ್ಸ್ ತೂಕದ ಅಲ್ಯೂಮಿನಿಯಂ ಕಳಸವನ್ನಿಟ್ಟರು. ದೇವಾಲಯದ ಶಿಖರಕ್ಕೆ ನಾವು ಚಿನ್ನದ ಕಳಸವನ್ನಿಡುವಂತೆ ಅವರು ಅಂದಿನ ಅಪೂರ್ವ ಲೋಹವನ್ನು ಆರಿಸಿಕೊಂಡರು.

ಅಣ್ಣನಲ್ಲ, ಅಕ್ಕನ ನೆರವು

ಅಮೆರಿಕದ ಒಹಾಯೋ ಪ್ರಾಂತದ ಓಬರ್ಲಿನ್ ಎಂಬ ಚಿಕ್ಕ ಊರಿನ ಕಾಲೇಜಿನಲ್ಲಿ ಜುಯೆಟ್ ಎಂಬ ಅಧ್ಯಾಪಕರಿದ್ದರು. ಈ ಲೋಹವನ್ನು ಅಗ್ಗವಾಗಿ ತಯಾರಿಸುವ ದಾರಿಯನ್ನು ಕಂಡವನು ಲೋಕಕ್ಕೂ ಉಪಕಾರಿಯಾಗುವನು, ತಾನೂ ಧನಿಕನಾಗುವನು ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿದ ವಿದ್ಯಾರ್ಥಿಗಳಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬವನ ಮನಸ್ಸಿನಲ್ಲಿ ಆ ಮಾತು ನಾಟಿತು. ಪದವಿಯನ್ನು ಪಡೆದ ಮೇಲೆ ಅವನು ಮನೆಯ ಸೌದೆಯ ಕೊಟ್ಟಿಗೆಯಲ್ಲಿಯೇ ಪ್ರಯೋಗಶಾಲೆಯನ್ನು ಹೂಡಿದನು. ವಿದ್ಯುಚ್ಛಕ್ತಿಯನ್ನು ಕೊಡುವ ಬ್ಯಾಟರಿಗಳನ್ನು ಕೈಯಿಂದಲೇ ಮಾಡಿಕೊಂಡನು. ಅವನ ಅಕ್ಕ ಜೂಲಿಯಾ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿದವಳು. ಪ್ರಯೋಗಗಳಿಗೆ ಅವಳೇ ಹತ್ತಿರದ ಸಾಕ್ಷಿ.

ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯುಕ್ತವಾದ ಅಲ್ಯೂಮಿನಾ ಎಂಬ ಬಿಳಿಯ ಪುಡಿಯು ಕರಗಬೇಕಾದರೆ ೨೦೦೦ ಸೆಂಟಿಗ್ರೇಡಿಗಿಂತಲೂ ಹೆಚ್ಚಿನ ಉಷ್ಣತೆ ಬೇಕು. ಆದರೆ ಕ್ರಯೊಲೈಟ್ ಎಂಬ ಖನಿಜವನ್ನು ಕರಗಿಸಿ ಅದರೊಳಗೆ ಈ ಪುಡಿಯನ್ನು ಹಾಕಿದರೆ, ನೀರಿನಲ್ಲಿ ಸಕ್ಕರೆ ಕರಗುವಂತೆ ಅದು ಸುಮಾರು ೧೦೦೦ ಸೆಂಟಿಗ್ರೇಡಿನಲ್ಲಿಯೇ ಕರಗುತ್ತದೆ. ಆ ದ್ರವದಲ್ಲಿ ಇಂಗಾಲದ ಕಡ್ಡಿಗಳ ಮೂಲಕ ವಿದ್ಯುತ್ತನ್ನು ಹಾಯಿಸಿದರೆ ಲೋಹವು ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ೧೮೮೬ನೆಯ ಫೆಬ್ರವರಿ ೨೩ರಂದು ಹಾಲನಿಗೆ ಲೋಹದ ಪುಟ್ಟ ಗುಂಡುಗಳು ದೊರೆತವು. ಆಗ ಅವನಿಗೆ ೨೨ ವರ್ಷ.

ಆಶ್ಚರ್ಯದ ಸಂಗತಿಯೆಂದರೆ, ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬ ಯುವಕನು ಸ್ವತಂತ್ರವಾಗಿ ಇದೇ ವಿಧಾನವನ್ನು ಕಂಡುಹಿಡಿದನು. ಇಬ್ಬರೂ ಹುಟ್ಟಿದ್ದು ೧೮೬೩ರಲ್ಲಿ, ತೀರಿಕೊಂಡದ್ದು ೧೯೧೪ರಲ್ಲಿ. ಅಮೆರಿಕದಲ್ಲಿ ಹಕ್ಕು ಯಾರದೆಂಬ ಪ್ರಶ್ನೆ ಎದ್ದಾಗ ಹಾಲನ ಪ್ರಯೋಗವು ನಡೆದ ದಿನವನ್ನು ಸಾಕ್ಷ್ಯಗಳಿಂದ ತೋರಿಸಬೇಕಾಯಿತು. ಮನೆಯವರ ಮತ್ತು ಅಧ್ಯಾಪಕರ ಸಾಕ್ಷ್ಯವು ಆಗ ನೆರವಿಗೆ ಬಂದಿತು. ಪ್ರಯೋಗದ ಪುಸ್ತಕದಲ್ಲಿ ತಾರೀಖನ್ನು ಬರೆಯಿರಿ ಎಂದು ನಿಮ್ಮ ಅಧ್ಯಾಪಕರು ಒತ್ತಾಯಿಸುವುದು ಏತಕ್ಕೆಂದು ಈಗ ತಿಳಿಯಿತಷ್ಟೆ?

ಲೋಹವಿದೆ, ಗಿರಾಕಿಯಿಲ್ಲ

ಹಾಲನ ವಿಧಾನವನ್ನು ಒಂದು ಕಂಪನಿಯು ವರ್ಷಕಾಲ ಪರೀಕ್ಷಿಸಿ ಕೈಬಿಟ್ಟಿತು. ಅನಂತರ ೧೮೮೮ರಲ್ಲಿ ಪಿಟ್ಸ್‌ಬರ್ಗ್ ನಗರದ ಆಲ್ಫ್ರೆಡ್ ಹಂಟ್ ಎಂಬ ಲೋಹತಜ್ಞನೂ ಅವನ ಮಿತ್ರರೂ ೨೦,೦೦೦ ಡಾಲರ್ ಬಂಡವಾಳವನ್ನು ಕೂಡಿಸಿ ಪಿಟ್ಸ್‌ಬರ್ಗ್ ರಿಡಕ್ಷನ್ ಕಂಪನಿಯನ್ನು ಸ್ಥಾಪಿಸಿದರು. ಆಗತಾನೆ ಕಾಲೇಜನ್ನು ಮುಗಿಸಿದ್ದ ಆರ್ಥರ್ ವೈನಿಂಗ್ ಡೇವಿಸ್ ಎಂಬ ತರುಣನು ಹಾಲನ ಜೊತೆಗಾರನಾದನು. ಇಬ್ಬರೂ ಪಾಳಿಯ ಮೇಲೆ ಹಗಲಿರುಳು ಕುಲುಮೆಯನ್ನು ಕಾಯುತ್ತಿದ್ದರು. ಈ ಕಂಪನಿಯೇ ೧೯೦೭ರಲ್ಲಿ 'ಅಲ್ಯೂಮಿನಂ ಕಂಪನಿ ಆಫ್ ಅಮೆರಿಕ' ಎಂದು ಹೆಸರನ್ನು ಬದಲಿಸಿಕೊಂಡು, ಮುಂದೆ ಅಲ್ಕೋವಾ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಯಿತು.

೧೮೮೮ರಲ್ಲಿ ಒಂದು ಪೌಂಡು ಅಲ್ಯೂಮಿನಿಯಮಿನ ಬೆಲೆ ೪ ಡಾಲರ್ ೮೬ ಸೆಂಟ್ ಇತ್ತು. ೧೮೯೩ರಲ್ಲಿ ಅದು ೭೮ ಸೆಂಟಿಗೆ ಇಳಿಯಿತು. ಇಷ್ಟು ಇಳಿದ ಮೇಲೆ ಜನರು ಮುಗಿಬಿದ್ದು ಕೊಳ್ಳಬೇಕಾಗಿತ್ತು ಎಂದು ನಮಗೆ ತೋರುವುದು ಸಹಜ. ಆದರೆ ಹಾಗಾಗಲಿಲ್ಲ. ಉಕ್ಕಿನ ಕಾರ್ಖಾನೆಯವರು ಉಕ್ಕನ್ನು ಶುದ್ಧಿಮಾಡುವುದಕ್ಕೆಂದು ಸ್ವಲ್ಪ ಸ್ವಲ್ಪ ಕೊಳ್ಳುತ್ತಿದ್ದರು. ಉಳಿದವರಿಗೆ ಈ ಲೋಹದ ಪರಿಚಯವೇ ಇರಲಿಲ್ಲ. ಕಬ್ಬಿಣವನ್ನೂ ಹಿತ್ತಾಳೆಯನ್ನೂ ತಲೆಮಾರುಗಳಿಂದ ಎರಕ ಹೊಯ್ದ ಕೈಗಳಿಗೆ ಇದರ ಹದ ಗೊತ್ತಿರಲಿಲ್ಲ. ಇಷ್ಟು ಹಗುರವಾದ ಲೋಹವು ಬಾಳಿಕೆ ಬಂದೀತೆ ಎಂಬ ಶಂಕೆಯೂ ಇತ್ತು. ಭಾರವಾದದ್ದೇ ಗಟ್ಟಿಯೆಂದು ಎಣಿಸುವುದು ಲೋಕರೂಢಿಯಲ್ಲವೆ? ಪಾತ್ರೆಯನ್ನು ಕೈಯಲ್ಲಿ ತೂಗಿ ನೋಡಿ ಬೆಲೆ ಕಟ್ಟುವುದನ್ನು ನಮ್ಮ ಸಂತೆಗಳಲ್ಲಿಯೂ ಕಾಣುವೆವು.

ಎರಡು ಸಾವಿರ ಕೆಟ್ಲುಗಳು

ಕಂಪನಿಯವರಿಗೆ ಪಾತ್ರೆಗಳನ್ನು ಮಾಡುವ ಉದ್ದೇಶವು ಮೊದಲಿಗೆ ಇರಲಿಲ್ಲ. ತಾವು ಲೋಹದ ಗಟ್ಟಿಗಳನ್ನು ಮಾರಿದರೆ ಸಾಕು, ಉಳಿದುದನ್ನು ಪಾತ್ರೆ ತಯಾರಿಸುವವರು ನೋಡಿಕೊಳ್ಳುತ್ತಾರೆ ಎಂದು ಅವರು ಎಣಿಸಿದ್ದರು. ಪೆನ್ಸಿಲ್ವೇನಿಯಾ ಪ್ರಾಂತದ ಈರಿ ಎಂಬ ಊರಿನಲ್ಲಿ ಗ್ರಿಸ್ವೋಲ್ಡ್ ಎಂಬ ಹೆಸರಾಂತ ಕಬ್ಬಿಣದ ಪಾತ್ರೆಗಳ ಕಾರ್ಖಾನೆಯಿತ್ತು. ಕಂಪನಿಯ ಚರಿತ್ರೆಯಲ್ಲಿ ಬರುವ ಪ್ರಸಿದ್ಧ ಪ್ರಸಂಗವು ಇಲ್ಲಿ ನಡೆದುದು. ಅಲ್ಯೂಮಿನಿಯಮಿನಿಂದಲೂ ಕೆಟ್ಲನ್ನು ಎರಕ ಹೊಯ್ಯಬಹುದೆಂಬುದನ್ನು ಡೇವಿಸನು ಅಲ್ಲಿಗೆ ಹೋಗಿ ಮಾಡಿ ತೋರಿಸಿದನು. ಕಾರ್ಖಾನೆಯ ಯಜಮಾನನು ಅದನ್ನು ಮೆಚ್ಚಿದನು. ಆದರೆ ಅವನು ಲೋಹವನ್ನು ಕೊಳ್ಳಲಿಲ್ಲ. ಇಂತಹ ೨೦೦೦ ಕೆಟ್ಲುಗಳನ್ನು ನೀವೇ ಮಾಡಿಕೊಡಿರೆಂದು ಬೇಡಿಕೆಯನ್ನು ಕೊಟ್ಟನು!

ಆಗ ಕಂಪನಿಯ ಮುಂದೆ ಎರಡೇ ದಾರಿಗಳಿದ್ದವು. ಅದು ನಮ್ಮ ಕೆಲಸವಲ್ಲವೆಂದು ಹಿಂದಿರುಗುವುದು ಒಂದು. ತಿಳಿಯದ ಕೆಲಸವನ್ನು ಕಲಿಯುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ಎರಕದ ಕೆಲಸವನ್ನು ಕಲಿತರು. ಮುಂದೆ ಲೋಹವನ್ನು ತಗಡಾಗಿ ಬಡಿಯುವುದನ್ನೂ ತಂತಿಯಾಗಿ ಎಳೆಯುವುದನ್ನೂ ಕಲಿತರು. ೧೮೯೫ರಲ್ಲಿ ನಯಾಗರಾ ಜಲಪಾತದ ಬಳಿ ಕಾರ್ಖಾನೆಯನ್ನು ಹೂಡಿ ಅಗ್ಗವಾದ ಜಲವಿದ್ಯುತ್ತನ್ನು ಬಳಸತೊಡಗಿದರು. ಉತ್ಪತ್ತಿ ಹೆಚ್ಚಿದಂತೆ ಮಾರಾಟವೂ ಹೆಚ್ಚಲೇಬೇಕಾಯಿತು. ತತ್ಫಲವಾಗಿ ೧೯೦೧ರಲ್ಲಿ ಪಾತ್ರೆಗಳಿಗಾಗಿಯೇ ಒಂದು ಅಂಗಸಂಸ್ಥೆಯು ಹುಟ್ಟಿತು. ಅದರ ಪಾತ್ರೆಗಳಿಗೆ 'ವೇರ್ ಎವರ್' ಎಂಬ ಗುರುತಿನ ಹೆಸರು ಬಂದಿತು. ಎಂದೆಂದಿಗೂ ಬಾಳುವುದು ಎಂಬುದು ಆ ಹೆಸರಿನ ಭಾವ. ಹಗುರವಾದುದು ಬಾಳದೆಂಬ ಶಂಕೆಗೆ ಹೆಸರಿನಲ್ಲಿಯೇ ಉತ್ತರವನ್ನಿಟ್ಟರೆಂದು ನಾವು ತಿಳಿಯಬಹುದು.

ಮನೆಬಾಗಿಲಿಗೆ ಹೋದ ವಿದ್ಯಾರ್ಥಿಗಳು

ಆದರೂ ಅಂಗಡಿಯ ಕಪಾಟಿನಲ್ಲಿಟ್ಟ ಮಾತ್ರಕ್ಕೆ ಹೊಸ ಪಾತ್ರೆಯು ಮಾರಾಟವಾಗಲಿಲ್ಲ. ಅದರ ಗುಣವನ್ನು ಕಣ್ಣಾರೆ ತೋರಿಸಬೇಕಾಗಿತ್ತು. ಈ ಕೆಲಸಕ್ಕೆ ಕಂಪನಿಯು ಕಾಲೇಜು ವಿದ್ಯಾರ್ಥಿಗಳನ್ನು ಹಿಡಿಯಿತು. ಬೇಸಗೆಯ ರಜೆಯಲ್ಲಿ ಅವರು ಮಾದರಿ ಪಾತ್ರೆಗಳನ್ನು ಹೊತ್ತು ಊರೂರು ತಿರುಗಿ, ಮನೆಯ ಒಡತಿಯ ಒಲೆಯ ಮೇಲೆಯೇ ಅಡುಗೆಮಾಡಿ ತೋರಿಸುತ್ತಿದ್ದರು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಮೂರು ಪಾಲು ಚೆನ್ನಾಗಿ ಶಾಖವನ್ನು ಹರಡುತ್ತದೆ. ತೂಕದಲ್ಲಿ ಕಬ್ಬಿಣದ ಮೂರರಲ್ಲೊಂದು ಪಾಲಿನಷ್ಟಿದೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಈ ಮೂರು ಸಂಗತಿಗಳನ್ನು ಭಾಷಣದಿಂದ ಒಪ್ಪಿಸುವುದು ಕಷ್ಟ. ಒಂದು ಹೊತ್ತಿನ ಅಡುಗೆಯಿಂದ ಒಪ್ಪಿಸುವುದು ಸುಲಭ. ಹೀಗೆ ಗಳಿಸಿದ ಹಣದಿಂದ ಅನೇಕ ಬಡ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಶುಲ್ಕವನ್ನು ಕಟ್ಟಿದರು. ಬಾಗಿಲು ಮುಚ್ಚಿಸಿಕೊಂಡವರೂ ಅವರಲ್ಲಿ ಇಲ್ಲದಿರಲಾರರು. ಆದರೂ ಕೈಯಿಂದ ದುಡಿದು ಓದುವುದು ಅಪಮಾನವೆಂದು ಅವರು ಬಗೆಯಲಿಲ್ಲ.

ಇದರ ಜೊತೆಗೆ ಲೋಹಕ್ಕೆ ಇತರ ಉಪಯೋಗಗಳೂ ತೆರೆದವು. ೧೯೦೩ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಎಂಜಿನ್ನಿನ ಹೊರಕವಚವು ತಾಮ್ರವನ್ನು ಬೆರೆಸಿದ ಅಲ್ಯೂಮಿನಿಯಮಿನ ಎರಕವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಬೇಕಾದ ಲೋಹಕ್ಕಾಗಿ ೧೯೪೧ರಲ್ಲಿ ಅಮೆರಿಕದ ಮನೆಗಳಿಂದ ಹಳೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಬೇಡಿ ತಂದು ರಾಶಿ ಹಾಕಿದರು. ನಲವತ್ತು ವರ್ಷಗಳ ಹಿಂದೆ ಬಾಗಿಲಲ್ಲಿ ನಿಂತು ಮಾರಬೇಕಾಗಿದ್ದ ವಸ್ತುವು ಆಗ ಮನೆಮನೆಯಲ್ಲಿಯೂ ಇದ್ದಿತು.

ತೆಳ್ಳನೆಯ ಹಾಳೆ, ಹಗುರ ಡಬ್ಬಿ

ಹಾಲನ ಹಕ್ಕಿನ ಅವಧಿ ಮುಗಿದ ಮೇಲೆಯೂ ಬಹುಕಾಲ ಅಮೆರಿಕದಲ್ಲಿ ಅದಿರಿನಿಂದ ಅಲ್ಯೂಮಿನಿಯಮನ್ನು ತಯಾರಿಸುವವರು ಅಲ್ಕೋವಾದವರೊಬ್ಬರೇ ಆಗಿದ್ದರು. ಒಂದೇ ಅಂಗಡಿಯಿರುವ ಊರಿನಲ್ಲಿ ಅಂಗಡಿಯವನು ಹೇಳಿದ್ದೇ ಬೆಲೆ. ಆದುದರಿಂದ ಅಲ್ಲಿನ ಸರಕಾರವು ೧೯೩೭ರಲ್ಲಿ ಕಂಪನಿಯ ಮೇಲೆ ದಾವೆಯನ್ನು ಹೂಡಿತು. ೧೯೪೫ರಲ್ಲಿ ನ್ಯಾಯಾಲಯವು ಇದು ಕಾನೂನಿಗೆ ವಿರುದ್ಧವಾದ ಏಕಸ್ವಾಮ್ಯವೆಂದು ತೀರ್ಪಿತ್ತಿತು. ಯುದ್ಧಕಾಲದಲ್ಲಿ ಸರಕಾರವು ಕಟ್ಟಿಸಿದ್ದ ಕಾರ್ಖಾನೆಗಳು ರೆನಾಲ್ಡ್ಸ್, ಕೈಸರ್ ಎಂಬ ಬೇರೆ ಕಂಪನಿಗಳ ಪಾಲಾದವು. ಹೀಗೆ ಸ್ಪರ್ಧೆಯು ಹುಟ್ಟಿತು.

ರೆನಾಲ್ಡ್ಸ್ ಕಂಪನಿಯು ೧೯೧೯ರಲ್ಲಿ ಸಿಗರೇಟಿನ ಪೊಟ್ಟಣಗಳಿಗೆ ತವರ ಮತ್ತು ಸೀಸದ ತೆಳು ಹಾಳೆಯನ್ನು ಮಾಡುವುದಕ್ಕಾಗಿ ಆರಂಭವಾದುದು. ಮುಂದೆ ಅದು ಅಲ್ಯೂಮಿನಿಯಂ ಹಾಳೆಗೆ ತಿರುಗಿತು. ಯುದ್ಧವು ಮುಗಿದೊಡನೆ ವಿಮಾನಗಳ ಬೇಡಿಕೆ ಕುಸಿಯಿತು. ಅಷ್ಟು ಲೋಹವನ್ನು ಮಾಡುವುದೇನು? ೧೯೪೭ರಲ್ಲಿ ಆ ಕಂಪನಿಯು ಮನೆಬಳಕೆಗೆಂದು ತಿಂಡಿಯನ್ನು ಸುತ್ತಿಡುವ ಹಾಳೆಯನ್ನು ಸುರುಳಿಯಾಗಿ ಮಾರತೊಡಗಿತು. ಇಂದು ಮಕ್ಕಳ ಬುತ್ತಿಯ ಚಪಾತಿಗೂ ಅಂತಹ ಹಾಳೆಯನ್ನು ಸುತ್ತುವವರಿದ್ದಾರೆ. ಅಲ್ಕೋವಾದವರೂ ಸುಮ್ಮನಿರಲಿಲ್ಲ. ೧೯೬೨ರಲ್ಲಿ ಸಲಕರಣೆಯಿಲ್ಲದೆ ಬೆರಳಿನಿಂದಲೇ ಎಳೆದು ತೆರೆಯಬಹುದಾದ ಮುಚ್ಚಳವುಳ್ಳ ಪಾನೀಯದ ಡಬ್ಬಿಯು ಪಿಟ್ಸ್‌ಬರ್ಗಿನಲ್ಲಿ ಮಾರುಕಟ್ಟೆಗೆ ಬಂದಿತು. ಆ ಮುಚ್ಚಳವನ್ನು ಕಲ್ಪಿಸಿದ ಎರ್ಮಲ್ ಫ್ರೇಜ್ ಎಂಬವನು ಅದರ ಹಕ್ಕನ್ನು ಅಲ್ಕೋವಾಕ್ಕೆ ಕೊಟ್ಟಿದ್ದನು.

ಕಾಲವು ಒಂದೇ ರೀತಿ ಇರುವುದಿಲ್ಲ. ೧೯೮೦ರ ದಶಕದಲ್ಲಿ ಅಲ್ಕೋವಾ ಪಾತ್ರೆಗಳ ವ್ಯಾಪಾರವನ್ನು ಬಿಟ್ಟುಕೊಟ್ಟಿತು. ೨೦೦೦ದಲ್ಲಿ ಅದು ತನ್ನ ಹಳೆಯ ಪ್ರತಿಸ್ಪರ್ಧಿಯಾದ ರೆನಾಲ್ಡ್ಸ್ ಕಂಪನಿಯನ್ನೇ ಕೊಂಡುಕೊಂಡಿತು. ೨೦೦೮ರಲ್ಲಿ ಮನೆಬಳಕೆಯ ಹಾಳೆ ಮೊದಲಾದವುಗಳ ವಿಭಾಗವನ್ನು ನ್ಯೂಜಿಲೆಂಡಿನ ಒಂದು ಸಂಸ್ಥೆಗೆ ಮಾರಿತು. ೨೦೧೬ರಲ್ಲಿ ಕಂಪನಿಯೇ ಎರಡಾಯಿತು. ಅಲ್ಕೋವಾ ಎಂಬ ಹೆಸರು ಅದಿರು, ಅಲ್ಯೂಮಿನಾ, ಲೋಹ ಇವುಗಳ ಪಾಲಿಗೆ ಉಳಿಯಿತು. ಅಡುಗೆಮನೆಯನ್ನು ಲೋಹಕ್ಕೆ ಪರಿಚಯಿಸಿದ ಕಂಪನಿಯು ಪುನಃ ಲೋಹದ ಗಟ್ಟಿಗೇ ಹಿಂದಿರುಗಿತು. ಆದರೆ ಆ ಹೊತ್ತಿಗೆ ಲೋಹಕ್ಕೆ ಪರಿಚಯದ ಅಗತ್ಯವೇ ಉಳಿದಿರಲಿಲ್ಲ.

ನಮ್ಮ ನಾಡಿಗೆ ಬಂದ ಕವಲು

ಈ ಕಥೆಯ ಒಂದು ಕವಲು ನಮ್ಮತ್ತಲೂ ಚಾಚಿದೆ. ೧೯೨೮ರಲ್ಲಿ ಅಲ್ಕೋವಾದ ವಿದೇಶದ ವ್ಯವಹಾರಗಳು ಕೆನಡಾದ ಒಂದು ಕಂಪನಿಗೆ ವರ್ಗವಾದವು. ಆ ಕಂಪನಿಯ ಸಂಬಂಧದಿಂದ ೧೯೩೮ರಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯು ಹುಟ್ಟಿತು. ೧೯೪೩ರಲ್ಲಿ ಭಾರತದಲ್ಲಿ ಮೊತ್ತಮೊದಲು ಅಲ್ಯೂಮಿನಿಯಂ ಲೋಹವು ತಯಾರಾದುದು ಈಗಿನ ಕೇರಳದ ಆಲುವಾದ ಸಮೀಪ, ಪೆರಿಯಾರ್ ನದಿಯ ಬಳಿಯ ಆಲುಪುರದಲ್ಲಿ. ಪಳ್ಳಿವಾಸಲಿನ ಜಲವಿದ್ಯುತ್ತು ಅದಕ್ಕೆ ಆಧಾರವಾಗಿತ್ತು. ಅದೇ ಕಂಪನಿಯು ಮುಂದೆ ಕರ್ನಾಟಕದ ಬೆಳಗಾವಿಯಲ್ಲಿಯೂ ಕಾರ್ಖಾನೆಯನ್ನು ಕಟ್ಟಿತು. ಓಬರ್ಲಿನ್ನಿನ ಕೊಟ್ಟಿಗೆಯಲ್ಲಿ ಹೊಳೆದ ಗುಂಡು ಎಷ್ಟು ದೂರ ಉರುಳಿ ಬಂದಿತೆಂಬುದನ್ನು ಭೂಪಟವನ್ನು ತೆರೆದು ನೋಡಿರಿ.

ಬಳಸುವವರು ತಿಳಿದಿರಬೇಕಾದುದು

ತಾಯಂದಿರಿಗೆ ಎರಡು ಮಾತು. ಗಾಳಿಯು ಸೋಕಿದೊಡನೆ ಅಲ್ಯೂಮಿನಿಯಮಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ಹುಟ್ಟುತ್ತದೆ. ಆ ಪೊರೆಯೇ ಲೋಹವನ್ನು ರಕ್ಷಿಸುವ ಕವಚ. ಹುಣಿಸೆ, ಟೊಮೆಟೊ, ಮಜ್ಜಿಗೆ ಮೊದಲಾದ ಹುಳಿಗಳೂ ಬೂದಿ, ಸೋಡಾ ಮೊದಲಾದ ಕ್ಷಾರಗಳೂ ಅದನ್ನು ಕರಗಿಸುತ್ತವೆ. ಹಿತ್ತಾಳೆಯ ಪಾತ್ರೆಯನ್ನು ಹುಣಿಸೆ ಮತ್ತು ಬೂದಿಗಳಿಂದ ತಿಕ್ಕಿ ಬೆಳಗಿಸುವ ನಮ್ಮ ಹಳೆಯ ಕ್ರಮವು ಅಲ್ಯೂಮಿನಿಯಮಿಗೆ ಹೊಂದುವುದಿಲ್ಲ. ಕಪ್ಪಾದ ಪಾತ್ರೆಯಲ್ಲಿ ಹುಳಿಯನ್ನು ಕುದಿಸಿದಾಗ ಅದು ಫಳಫಳ ಹೊಳೆದರೆ, ಹೋದ ಕಪ್ಪು ಸಾರಿನೊಳಗೇ ಸೇರಿದೆಯೆಂದು ತಿಳಿಯಬೇಕು. ಹುಳಿ ಪದಾರ್ಥಗಳನ್ನು ಅದರಲ್ಲಿ ಬಹಳ ಹೊತ್ತು ಕುದಿಸಬಾರದು, ರಾತ್ರಿಯೆಲ್ಲ ಇಡಲೂಬಾರದು. ಅದಕ್ಕೆ ನಮ್ಮ ಹಿರಿಯರ ಕಲ್ಲಿನ ಮರಿಗೆಯೇ ಮೇಲು.

ಇನ್ನೊಂದು ಮಾತು. ಒಂದು ಟನ್ನು ಲೋಹಕ್ಕೆ ಸುಮಾರು ೪ ಟನ್ನು ಬಾಕ್ಸೈಟ್ ಬೇಕು. ಗುಡ್ಡವನ್ನು ಅಗೆಯಬೇಕು, ಅಪಾರವಾದ ವಿದ್ಯುತ್ತನ್ನು ವೆಚ್ಚಮಾಡಬೇಕು, ಉಳಿದ ಕೆಂಪು ರಾಡಿಯನ್ನು ಸುರಿಯಲು ಸ್ಥಳವನ್ನು ಹುಡುಕಬೇಕು. ಆದರೆ ಹಳೆಯ ಪಾತ್ರೆಯನ್ನೋ ಡಬ್ಬಿಯನ್ನೋ ಕರಗಿಸಿ ಹೊಸ ಲೋಹವನ್ನು ಮಾಡಿದರೆ ಶಕ್ತಿಯ ವೆಚ್ಚದಲ್ಲಿ ನೂರಕ್ಕೆ ಸುಮಾರು ೯೫ ಪಾಲು ಉಳಿಯುತ್ತದೆ. ಆದಕಾರಣ ತೂತು ಬಿದ್ದ ಪಾತ್ರೆಯನ್ನು ತೋಡಿಗೆ ಎಸೆಯದೆ ಗುಜರಿಯವನಿಗೆ ಕೊಡುವುದು ಜಾಣತನವೂ ಹೌದು, ಧರ್ಮವೂ ಹೌದು.

ಉಪಸಂಹಾರ

ಹಾಲನು ಲೋಹವನ್ನು ಅಗ್ಗಗೊಳಿಸಿದನು. ಆದರೆ ಡೇವಿಸನು ಕೆಟ್ಲನ್ನು ಎರಕ ಹೊಯ್ದು ತೋರಿಸದಿದ್ದರೆ, ಹೆಸರಿಲ್ಲದ ನೂರಾರು ವಿದ್ಯಾರ್ಥಿಗಳು ಮನೆಬಾಗಿಲಿಗೆ ಹೋಗದಿದ್ದರೆ, ಆ ಲೋಹವು ಬಹುಕಾಲ ಗೋದಾಮಿನಲ್ಲಿಯೇ ಉಳಿಯುತ್ತಿತ್ತು. ವಸ್ತುವು ಒಳ್ಳೆಯದಾಗಿದ್ದರೆ ಸಾಲದು. ಅದರ ಒಳ್ಳೆಯತನವನ್ನು ಇನ್ನೊಬ್ಬರ ಒಲೆಯ ಮೇಲೆ ತೋರಿಸಿ ನಂಬಿಕೆಯನ್ನು ಗಳಿಸುವವರು ಬೇಕು. ವಿದ್ಯೆಗೂ ಈ ಮಾತು ಸಲ್ಲುತ್ತದೆ. ಗಡಿಯೀಚೆಯ ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ವಿಜ್ಞಾನವನ್ನು ಕಲಿತು ಪ್ರಯೋಜನವೇನೆಂದು ಕೇಳುವವರಿದ್ದಾರೆ. ಅವರಿಗೆ ವಾದದಿಂದ ಉತ್ತರವನ್ನು ಕೊಡುವುದು ಕಷ್ಟ. ಕಲಿತುದನ್ನು ಮನೆಯಲ್ಲಿಯೂ ಊರಿನಲ್ಲಿಯೂ ಉಪಯೋಗಕ್ಕೆ ತಂದು ತೋರಿಸುವ ವಿದ್ಯಾರ್ಥಿಯೇ ಅದಕ್ಕೆ ತಕ್ಕ ಉತ್ತರ.

ಹಾಲನು ಅಪಾರ ಸಂಪತ್ತನ್ನು ಗಳಿಸಿದನು. ತೀರಿಕೊಳ್ಳುವ ಮುನ್ನ ಅದರ ಬಹುಭಾಗವನ್ನು ತಾನು ಓದಿದ ಓಬರ್ಲಿನ್ ಕಾಲೇಜಿಗೂ ಇತರ ವಿದ್ಯಾಸಂಸ್ಥೆಗಳಿಗೂ ಏಷ್ಯಾಖಂಡದ ದೇಶಗಳ ವಿದ್ಯಾಭ್ಯಾಸಕ್ಕೂ ಬರೆದಿಟ್ಟನು. ತರಗತಿಯಲ್ಲಿ ಕೇಳಿದ ಒಂದು ಮಾತಿನ ಋಣವನ್ನು ಅವನು ಹೀಗೆ ತೀರಿಸಿದನು. ದಾನಿಗಳ ನೆರವಿನಿಂದ ನಡೆಯುವ ಶಾಲೆಯಲ್ಲಿ ಓದುವ ಮಕ್ಕಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ವಿದ್ಯಾರ್ಥಿಗಳು ಮಾಡಿ ನೋಡಬೇಕಾದುವು

೧. ಒಂದೇ ಗಾತ್ರದ ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಲೋಟಗಳನ್ನು ತೂಗಿ, ತೂಕಗಳನ್ನು ತಾರೀಖಿನೊಡನೆ ಬರೆದಿಡಿರಿ. ವ್ಯತ್ಯಾಸಕ್ಕೆ ಕಾರಣವೇನು?

೨. ಮನೆಯಲ್ಲಿರುವ ಅಲ್ಯೂಮಿನಿಯಂ ವಸ್ತುಗಳ ಪಟ್ಟಿಯನ್ನು ಮಾಡಿರಿ. ಅವುಗಳಿಗೆ ಬದಲಾಗಿ ಹಿಂದೆ ಏನಿತ್ತೆಂಬುದನ್ನು ಅಜ್ಜಿಯನ್ನು ಕೇಳಿ ಎದುರಿಗೆ ಬರೆಯಿರಿ.

೩. ಬೆಲೆಯು ಇಳಿದರೂ ಮೊದಲಿಗೆ ಜನರು ಅಲ್ಯೂಮಿನಿಯಮನ್ನು ಏಕೆ ಕೊಳ್ಳಲಿಲ್ಲ? ನಿಮ್ಮ ಮಾತಿನಲ್ಲಿ ಉತ್ತರಿಸಿರಿ.